ಮಾನಸಿಕ ಅಸ್ವಸ್ಥ ಆರೋಪಿಗೂ ನ್ಯಾಯಯುತ ವಿಚಾರಣೆ ಸಿಗಬೇಕು



ಮಾನಸಿಕ ಕಾಯಿಲೆಯ ಬಗ್ಗೆ ನಮ್ಮ ಸಂಘಗಳಲ್ಲಿ ಈಗ ಮೊದಲಿನಷ್ಟು ಮುಚ್ಚುಮರೆ ಇಲ್ಲ. ಕಾಯಿಲೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು, ಮಾಸಾಶನಕ್ಕೆ ಅರ್ಜಿ ಹಾಕುವುದು, ಇವೆಲ್ಲ ನಿಮಗೆ ರೂಢಿಯಾಗಿದೆ. ಆದರೆ ಅದೇ ವ್ಯಕ್ತಿ ಪೊಲೀಸ್ ಕೇಸಿನಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕು? ಈ ಪ್ರಶ್ನೆ ಬಂದಾಗ ಎಲ್ಲರೂ ಸುಮ್ಮನಾಗುತ್ತಾರೆ.

ಇಂಥ ಸಮಯದಲ್ಲಿ ಹಳ್ಳಿಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು: “ಸಿಸ್ಟರ್, ಅವನಿಗೆ ತಲೆ ಸರಿ ಇಲ್ಲ ಅಂತ ಊರಿಗೆಲ್ಲ ಗೊತ್ತು. ಕೋರ್ಟಲ್ಲಿ ಹೇಗೂ ಬಿಟ್ಟುಬಿಡ್ತಾರಲ್ವಾ?” ಇನ್ನೊಂದು: “ಒಳಗೆ ಹಾಕಿದ್ದೇ ಒಳ್ಳೇದಾಯ್ತು. ಅಲ್ಲಿ ಊಟ ಕೊಡ್ತಾರೆ, ಮಾತ್ರೆ ಕೊಡ್ತಾರೆ. ಇಲ್ಲಿ ಯಾರು ನೋಡ್ಕೋತಾರೆ?” ಮೊದಲನೆಯ ಮಾತು ಕಾನೂನಿನ ಪ್ರಕಾರ ಸರಿಯಲ್ಲ. ಎರಡನೆಯ ಮಾತಿನಿಂದ ನಮ್ಮ ದೇಶದಲ್ಲಿ ಕೆಲವರ ಇಡೀ ಜೀವನವೇ ಜೈಲಿನಲ್ಲಿ ಕಳೆದುಹೋಗಿದೆ. ಆದ್ದರಿಂದ ಈ ಪಾಠದಲ್ಲಿ ಕಾನೂನು ಏನು ಹೇಳುತ್ತದೆ, ಅದು ಎಲ್ಲಿ ಕೈಕೊಡುತ್ತದೆ, ನಾವು ಏನು ಮಾಡಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ನ್ಯಾಯಯುತ ವಿಚಾರಣೆ ಎಂದರೇನು?

ಕೋರ್ಟಿನಲ್ಲಿ ಆರೋಪಿಯನ್ನು ತಂದು ನಿಲ್ಲಿಸಿದ ಮಾತ್ರಕ್ಕೆ ವಿಚಾರಣೆ ಆದಂತಲ್ಲ. ನಮ್ಮ ಸಂವಿಧಾನದ 21ನೇ ವಿಧಿಯ ಪ್ರಕಾರ ಕಾನೂನು ವಿಧಿಸಿದ ಕ್ರಮವಿಲ್ಲದೆ ಯಾರ ಜೀವವನ್ನಾಗಲಿ, ಸ್ವಾತಂತ್ರ್ಯವನ್ನಾಗಲಿ ಕಸಿದುಕೊಳ್ಳುವಂತಿಲ್ಲ. ಆ ಕ್ರಮ ನ್ಯಾಯವಾಗಿಯೂ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. 22ನೇ ವಿಧಿಯ ಪ್ರಕಾರ ಬಂಧನಕ್ಕೆ ಕಾರಣ ತಿಳಿಸಬೇಕು, ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. 39ಎ ವಿಧಿ ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆನ್ನುತ್ತದೆ. ಬಿಹಾರದ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಪರವಾಗಿ ಬಂದ ಹುಸೈನಾರಾ ಖಾತೂನ್ ಪ್ರಕರಣದಲ್ಲಿ (1979), ಬೇಗ ವಿಚಾರಣೆ ನಡೆಯುವುದೂ 21ನೇ ವಿಧಿಯ ಹಕ್ಕೇ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಈಗ ಸ್ವಲ್ಪ ಯೋಚಿಸಿ. ಆರೋಪವನ್ನು ಓದಿ ಹೇಳಿದಾಗ ಅದು ಅರ್ಥವಾಗಬೇಕು. ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದು ಕೇಳಿದರೆ ತಿಳಿದು ಉತ್ತರ ಕೊಡಬೇಕು. ಸಾಕ್ಷಿ ಸುಳ್ಳು ಹೇಳುತ್ತಿದ್ದರೆ “ಅದು ಸುಳ್ಳು, ಆ ದಿನ ನಾನು ಬೇರೆ ಊರಲ್ಲಿದ್ದೆ” ಎಂದು ತನ್ನ ವಕೀಲರ ಕಿವಿಯಲ್ಲಿ ಹೇಳಬೇಕು. ಕೊನೆಗೆ ನ್ಯಾಯಾಧೀಶರು ಕೇಳುವ ಪ್ರಶ್ನೆಗಳಿಗೆ ತನ್ನ ವಿವರಣೆ ಕೊಡಬೇಕು. ಇದಿಷ್ಟಕ್ಕೂ ಬುದ್ಧಿ ಸ್ಥಿಮಿತದಲ್ಲಿರಬೇಕು. ನ್ಯಾಯಾಧೀಶರನ್ನೇ ತನ್ನನ್ನು ಕೊಲ್ಲಲು ಬಂದವರು ಎಂದು ನಂಬಿರುವ ಮನುಷ್ಯ, ಅಥವಾ ಎಲ್ಲ ಪ್ರಶ್ನೆಗೂ “ಹೂಂ” ಎಂದು ತಲೆಯಾಡಿಸುವ ಬೌದ್ಧಿಕ ವೈಕಲ್ಯದ ಹುಡುಗ ತನ್ನ ಪರವಾಗಿ ಏನು ಹೇಳಿಕೊಳ್ಳಬಲ್ಲ? ಅಂಥವನ ವಿಚಾರಣೆ ಮುಂದುವರಿಸಿದರೆ ಅದು ಒಂದೇ ಕಡೆಯವರು ಆಡುವ ಆಟವಾಗುತ್ತದೆ.

ಈ ನಿಯಮ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1836ರಲ್ಲೇ, ಕಿವಿ ಕೇಳದ ಮತ್ತು ಮಾತು ಬಾರದ ಪ್ರಿಚರ್ಡ್ ಎಂಬ ಆರೋಪಿಯ ಪ್ರಕರಣದಲ್ಲಿ, ಕೋರ್ಟಿನಲ್ಲಿ ನಡೆಯುವುದನ್ನು ಅನುಸರಿಸಿ ತನ್ನ ಪ್ರತಿವಾದ ಮಾಡಲು ಆತನಿಗೆ ಸಾಧ್ಯವೇ ಎಂಬುದನ್ನು ಮೊದಲು ತೀರ್ಮಾನಿಸಬೇಕು ಎಂದಾಯಿತು. ಅಮೆರಿಕದ ಸುಪ್ರೀಂ ಕೋರ್ಟ್ 1960ರ ಡಸ್ಕಿ ಪ್ರಕರಣದಲ್ಲಿ ಎರಡು ಅಳತೆ ಕೊಟ್ಟಿತು: ತನ್ನ ಮೇಲಿನ ಕೇಸು ಏನೆಂದು ಆತನಿಗೆ ಸರಿಯಾಗಿ ತಿಳಿದಿದೆಯೇ, ಮತ್ತು ವಕೀಲರ ಜೊತೆ ವಿವೇಕದಿಂದ ಸಮಾಲೋಚಿಸಬಲ್ಲನೇ. ಆ ತೀರ್ಪು ನಮ್ಮ ಕೋರ್ಟುಗಳಿಗೆ ಕಟ್ಟುಪಾಡಲ್ಲ. ಆದರೂ ವಿಷಯ ಅರ್ಥಮಾಡಿಕೊಳ್ಳಲು ಈ ಎರಡು ಪ್ರಶ್ನೆಗಳನ್ನು ನೆನಪಿಡುವುದು ಒಳ್ಳೆಯದು.

ಎರಡು ಪ್ರಶ್ನೆಗಳನ್ನು ಬೆರೆಸಬೇಡಿ

ಜನರಿಗೆ, ಕೆಲವೊಮ್ಮೆ ಓದಿದವರಿಗೂ, ಇಲ್ಲಿ ಗೊಂದಲವಾಗುತ್ತದೆ. ಮಾನಸಿಕ ಕಾಯಿಲೆಯ ಬಗ್ಗೆ ಕೋರ್ಟ್ ಕೇಳುವ ಪ್ರಶ್ನೆಗಳು ಎರಡು. ಎರಡೂ ಬೇರೆ ಬೇರೆ ಕಾಲಕ್ಕೆ ಸೇರಿದವು.

ಮೊದಲ ಪ್ರಶ್ನೆ: ಕೃತ್ಯ ನಡೆದ ಹೊತ್ತಿನಲ್ಲಿ ಆತನ ಮನಸ್ಸು ಹೇಗಿತ್ತು? ತಾನು ಮಾಡುತ್ತಿರುವುದು ಏನು, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದು ತಿಳಿಯುವ ಶಕ್ತಿಯೇ ಚಿತ್ತದ ಅಸ್ವಸ್ಥತೆಯಿಂದ ಇಲ್ಲದೇ ಹೋಗಿದ್ದರೆ ಅದು ಅಪರಾಧವಲ್ಲ. ಹಿಂದೆ ಇದು ಭಾರತೀಯ ದಂಡ ಸಂಹಿತೆಯ 84ನೇ ಕಲಂ ಆಗಿತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ. ಇದನ್ನು ವಿಚಾರಣೆ ನಡೆಸಿಯೇ ತೀರ್ಮಾನಿಸಬೇಕು, ಮತ್ತು ಇದನ್ನು ಸಾಬೀತು ಮಾಡುವ ಹೊಣೆ ಆರೋಪಿಯ ಕಡೆಯವರದು.

ಎರಡನೇ ಪ್ರಶ್ನೆ: ಇವತ್ತು, ಕೋರ್ಟಿನ ಮುಂದೆ ನಿಂತಿರುವಾಗ, ಆತ ತನ್ನ ಪ್ರತಿವಾದ ಮಾಡಿಕೊಳ್ಳಬಲ್ಲನೇ? ಇದಕ್ಕೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 328ರಿಂದ 339ರವರೆಗಿನ ಕಲಂಗಳು ಇದ್ದವು. 2024ರ ಜುಲೈ 1ರಿಂದ ಅವುಗಳ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ರಿಂದ 378ರವರೆಗಿನ ಕಲಂಗಳು ಬಂದಿವೆ. ಹಳೆಯ ಕೇಸಿನ ಕಾಗದಗಳಲ್ಲಿ ಹಳೆಯ ಸಂಖ್ಯೆಗಳೇ ಇರುತ್ತವೆ, ಗಾಬರಿಯಾಗಬೇಡಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಯುವಕ ಸಂತೆಯಲ್ಲಿ ಅಂಗಡಿಯವರ ಮೇಲೆ ಕಲ್ಲು ಎಸೆದು ಗಾಯ ಮಾಡಿದ ಎಂದಿಟ್ಟುಕೊಳ್ಳಿ. ಆಗ ಅವನಿಗೆ ಕಾಯಿಲೆ ಇರಲಿಲ್ಲ, ಜೈಲಿಗೆ ಹೋದ ಮೇಲೆ ಶುರುವಾಯಿತು. ಆಗ ಎರಡನೇ ಪ್ರಶ್ನೆ ಮಾತ್ರ ಏಳುತ್ತದೆ: ವಿಚಾರಣೆ ಸದ್ಯಕ್ಕೆ ನಿಲ್ಲುತ್ತದೆ, ಗುಣವಾದ ಮೇಲೆ ನಡೆಯುತ್ತದೆ. ಇನ್ನೊಬ್ಬನಿಗೆ ಕಲ್ಲು ಎಸೆಯುವಾಗ ಕಾಯಿಲೆ ಜೋರಾಗಿತ್ತು, ಚಿಕಿತ್ಸೆಯಿಂದ ಈಗ ಚೆನ್ನಾಗಿದ್ದಾನೆ. ಅವನ ವಿಚಾರಣೆ ನಿಲ್ಲುವುದಿಲ್ಲ. ವಿಚಾರಣೆಯಲ್ಲಿ ಮೊದಲ ಪ್ರಶ್ನೆಯನ್ನು ವಕೀಲರು ಎತ್ತುತ್ತಾರೆ. ಮೂರನೆಯವನಿಗೆ ಆಗಲೂ ಕಾಯಿಲೆ, ಈಗಲೂ ಕಾಯಿಲೆ. ಅವನ ವಿಷಯದಲ್ಲಿ ಮೊದಲು ಇವತ್ತಿನ ಪ್ರಶ್ನೆ ತೀರಬೇಕು, ಆಮೇಲೆ ಆ ದಿನದ ಪ್ರಶ್ನೆ.

ಇನ್ನೊಂದು ಮಾತು. ಕಾಯಿಲೆ ಇದೆ ಎಂದ ಮಾತ್ರಕ್ಕೆ ವಿಚಾರಣೆ ಎದುರಿಸಲು ಅಸಮರ್ಥ ಎಂದಾಗುವುದಿಲ್ಲ. ಮಾತ್ರೆ ತೆಗೆದುಕೊಂಡು ಕೂಲಿಗೆ ಹೋಗುವ, ಸಂಸಾರ ಮಾಡುವ ಎಷ್ಟೋ ಜನ ನಮ್ಮ ನಡುವೆಯೇ ಇದ್ದಾರೆ. ಅವರು ಕೋರ್ಟಿನಲ್ಲೂ ತಮ್ಮ ಮಾತು ತಾವೇ ಹೇಳಬಲ್ಲರು. ಹೇಳುವ ಹಕ್ಕೂ ಅವರಿಗಿದೆ.

ಕೋರ್ಟಿನಲ್ಲಿ ಏನು ನಡೆಯುತ್ತದೆ?

ಆರೋಪಿಯ ಮನಸ್ಸು ಸ್ವಸ್ಥವಾಗಿಲ್ಲ, ಅದರಿಂದ ಪ್ರತಿವಾದ ಮಾಡಿಕೊಳ್ಳಲಾರ ಎಂದು ನಂಬಲು ಕಾರಣ ಕಂಡುಬಂದರೆ ಮ್ಯಾಜಿಸ್ಟ್ರೇಟರು ಅದನ್ನು ಮೊದಲು ವಿಚಾರಿಸಲೇಬೇಕು. ಇದು ಅವರ ಇಷ್ಟಕ್ಕೆ ಬಿಟ್ಟದ್ದಲ್ಲ. ಮೊದಲು ಜಿಲ್ಲೆಯ ಸರ್ಕಾರಿ ವೈದ್ಯಾಧಿಕಾರಿಯಿಂದ ಪರೀಕ್ಷೆ ಮಾಡಿಸುತ್ತಾರೆ. ಅವರು ಸರ್ಕಾರಿ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯರು ಇಲ್ಲವೇ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಬಳಿ ಕಳಿಸುತ್ತಾರೆ. ನಮ್ಮ ರಾಜ್ಯದಲ್ಲಿ ಕಷ್ಟದ ಪ್ರಕರಣಗಳು ಬೆಂಗಳೂರಿನ ನಿಮ್ಹಾನ್ಸ್‌ಗೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ಹೋಗುವುದನ್ನು ನೀವು ಕೇಳಿರಬಹುದು. ವರದಿಯ ಬಗ್ಗೆ ಆರೋಪಿಗೆ ಒಪ್ಪಿಗೆ ಇಲ್ಲದಿದ್ದರೆ ಇಬ್ಬರು ತಜ್ಞರಿರುವ ವೈದ್ಯಕೀಯ ಮಂಡಳಿಗೆ ಮೇಲ್ಮನವಿ ಹಾಕಬಹುದು.

ವೈದ್ಯರು ಕಾಯಿಲೆಯ ಬಗ್ಗೆ ಹೇಳುತ್ತಾರೆ. ಆ ಕಾಯಿಲೆಯಿಂದ ಈತ ಪ್ರತಿವಾದ ಮಾಡಲಾರ ಎಂಬ ತೀರ್ಮಾನ ಕೋರ್ಟಿನದು. ಅಸಮರ್ಥ ಎಂದಾದರೆ ಮುಂದಿನ ಹೆಜ್ಜೆ ಬಹಳ ಮುಖ್ಯ. ಮ್ಯಾಜಿಸ್ಟ್ರೇಟರು ಆರೋಪಿಯನ್ನು ಪ್ರಶ್ನೆ ಮಾಡದೆ, ಅವನ ವಕೀಲರ ಮಾತು ಕೇಳಿ, ಪೊಲೀಸರು ಕೊಟ್ಟಿರುವ ಸಾಕ್ಷ್ಯವನ್ನು ನೋಡಬೇಕು. ಮೇಲ್ನೋಟಕ್ಕೇ ಕೇಸು ನಿಲ್ಲುವಂತಿಲ್ಲದಿದ್ದರೆ ಮುಂದೂಡುವ ಬದಲು ಅಲ್ಲೇ ಆರೋಪದಿಂದ ಬಿಡುಗಡೆ ಮಾಡಬೇಕು. ಮೇಲ್ನೋಟಕ್ಕೆ ಕೇಸು ಇದ್ದರೆ, ಚಿಕಿತ್ಸೆಗೆ ಎಷ್ಟು ಕಾಲ ಬೇಕೆಂದು ಮನೋವೈದ್ಯರು ಹೇಳುತ್ತಾರೋ ಅಷ್ಟು ಕಾಲ ಮುಂದೂಡಬೇಕು. ಬೌದ್ಧಿಕ ವೈಕಲ್ಯ ಇದ್ದವರ ವಿಷಯ ಬೇರೆ. ಅದು ಮಾತ್ರೆಯಿಂದ ವಾಸಿಯಾಗುವ ಕಾಯಿಲೆಯಲ್ಲ, ಹುಟ್ಟಿನಿಂದ ಅಥವಾ ಚಿಕ್ಕಂದಿನಿಂದ ಬಂದ ಸ್ಥಿತಿ. ಅದರಿಂದಾಗಿ ಪ್ರತಿವಾದ ಮಾಡಲಾರ ಎಂದಾದರೆ ಕೋರ್ಟ್ ಆ ವಿಚಾರಣೆಯನ್ನೇ ಮುಕ್ತಾಯ ಮಾಡುತ್ತದೆ. ಆದ್ದರಿಂದ ಆರೋಪಿಗೆ ಇರುವುದು ಮಾನಸಿಕ ಕಾಯಿಲೆಯೋ, ಬೌದ್ಧಿಕ ವೈಕಲ್ಯವೋ ಎಂದು ವಕೀಲರಿಗೆ ಸರಿಯಾಗಿ ತಿಳಿಸುವುದು ಮನೆಯವರ ಕರ್ತವ್ಯ.

“ನಾಟಕ ಆಡಿದರೆ?” ಎಂದು ಕೆಲವರು ಕೇಳುತ್ತಾರೆ. ಅದಕ್ಕೇ ತಜ್ಞರ ಪರೀಕ್ಷೆ ಇರುವುದು. ಬೇಕಾದರೆ ಆಸ್ಪತ್ರೆಯಲ್ಲಿಟ್ಟುಕೊಂಡು ನಿದ್ದೆ, ಊಟ, ಮಾತು, ನಡವಳಿಕೆ ಎಲ್ಲವನ್ನೂ ಗಮನಿಸುತ್ತಾರೆ. “ಸ್ವಲ್ಪ ಹುಚ್ಚನ ಹಾಗೆ ಆಡಪ್ಪಾ” ಎಂದು ಯಾರೂ ಹೇಳಿಕೊಡಬಾರದು. ಇಂಥ ಒಂದು ಸುಳ್ಳಿನಿಂದ ನಿಜವಾದ ಕಾಯಿಲೆಯ ಹತ್ತು ಜನರ ಮಾತನ್ನು ನಂಬದ ಹಾಗಾಗುತ್ತದೆ.

ಇದಕ್ಕೆ ತಿರುಗಾಮುರುಗಾ ಸಂಗತಿಯೂ ಇದೆ. ಆಸ್ತಿ ಜಗಳದಲ್ಲಿ, ಗಂಡನ ಮನೆಯ ಜಗಳದಲ್ಲಿ ಹೆಣ್ಣುಮಗಳಿಗೆ “ತಲೆ ಸರಿ ಇಲ್ಲ” ಎಂಬ ಪಟ್ಟ ಕಟ್ಟುವುದನ್ನು ನಾವು ನೋಡುತ್ತೇವೆ. ಅಂಥವಳ ಮೇಲೆ ಕೇಸು ಹಾಕಿ, ಆಮೇಲೆ ಅಸಮರ್ಥಳು ಎನ್ನಿಸಿ ಬಾಯಿ ಮುಚ್ಚಿಸಿದರೆ? ತಾನು ನಿರಪರಾಧಿ ಎಂದು ಸಾಬೀತು ಮಾಡುವ ಅವಕಾಶವೇ ಅವಳಿಗೆ ತಪ್ಪುತ್ತದೆ. ವಿಚಾರಣೆ ನಿಲ್ಲಿಸುವುದು ಯಾವಾಗಲೂ ಉಪಕಾರವೇ ಆಗಬೇಕೆಂದಿಲ್ಲ. ಆದ್ದರಿಂದಲೇ ವೈದ್ಯರ ವರದಿಯನ್ನು ಪ್ರಶ್ನಿಸುವ ಹಕ್ಕು ಮುಖ್ಯ.

ವಿಚಾರಣೆ ನಿಂತ ಮೇಲೆ

ಇಲ್ಲಿಯವರೆಗೆ ಕೇಳಿದರೆ ಕಾನೂನು ದಯೆಯುಳ್ಳದ್ದು ಎನಿಸುತ್ತದೆ. ಕಷ್ಟ ಶುರುವಾಗುವುದು ಇದರ ನಂತರ. ವಿಚಾರಣೆ ನಿಂತಿತು. ಆದರೆ ಆ ಮನುಷ್ಯ ಎಲ್ಲಿದ್ದಾನೆ? ಎಷ್ಟು ದಿನದವರೆಗೆ? ಗುಣವಾದ ಎಂದು ಕೋರ್ಟಿಗೆ ಯಾರು ಹೇಳುತ್ತಾರೆ?

ಅಸ್ಸಾಮಿನ ಮೋರಿಗಾಂವ್ ಕಡೆಯ ಮಚಾಂಗ್ ಲಾಲುಂಗ್ ಎಂಬುವರ ವಿಷಯ ದೇಶಕ್ಕೆಲ್ಲ ತಿಳಿದದ್ದು. 1951ರಲ್ಲಿ, ಸುಮಾರು 23ನೇ ವಯಸ್ಸಿನಲ್ಲಿ, ಗಂಭೀರ ಗಾಯ ಮಾಡಿದ ಆರೋಪದ ಮೇಲೆ ಅವರ ಬಂಧನವಾಯಿತು. ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ಆಸ್ಪತ್ರೆಯವರು ಇವರು ಸರಿಯಾಗಿದ್ದಾರೆ ಎಂದು ತಿಳಿಸಿದರು. ಆಗ ಅವರು ಮನೆಗೆ ಹೋಗಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ಗುವಾಹಟಿಯ ಜೈಲಿಗೆ ಹೋದರು. ಅಲ್ಲೇ ಉಳಿದರು. 2005ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪ್ರಶ್ನೆ ಎತ್ತಿದ ಮೇಲೆ, ಒಂದು ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಹೊರಗೆ ಬಂದರು. ಆಗ ಅವರಿಗೆ 77 ವರ್ಷ. 54 ವರ್ಷ ಬಂಧನದಲ್ಲಿದ್ದರು, ಒಂದು ದಿನವೂ ವಿಚಾರಣೆ ನಡೆಯಲಿಲ್ಲ. ಸರ್ಕಾರ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆಮೇಲೆ ಆದೇಶಿಸಿತು. ಅವರು 2007ರಲ್ಲಿ ತೀರಿಕೊಂಡರು. ಇಪ್ಪತ್ತಮೂರರ ಯುವಕ ಮುದುಕನಾಗಿ ಊರಿಗೆ ಬಂದಾಗ ಅವನ ಭಾಷೆ, ಅವನ ಜನ, ಅವನ ಮನೆ ಎಲ್ಲವೂ ದೂರವಾಗಿದ್ದವು.

ಇದು ಒಂದೇ ಒಂದು ಪ್ರಕರಣವಲ್ಲ. ಆಗ ಬಿಹಾರದಲ್ಲಿದ್ದ ಹಜಾರಿಬಾಗ್ ಜೈಲಿನಲ್ಲಿ ಹೀಗೇ ಉಳಿದುಹೋದ ಕೈದಿಗಳ ಬಗ್ಗೆ ಅಲ್ಲಿನ ಉಚಿತ ಕಾನೂನು ನೆರವು ಸಮಿತಿಯವರು 1982ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಅದೇ ವೀಣಾ ಸೇಥಿ ಪ್ರಕರಣ. ಬುದ್ಧಿ ಸರಿಯಿಲ್ಲ ಎಂದು ಒಳಗೆ ಇಟ್ಟು, ಗುಣವಾದ ಮೇಲೂ ಬಿಡದೆ, ಇಪ್ಪತ್ತು ಮೂವತ್ತು ವರ್ಷ ಇಟ್ಟುಕೊಂಡಿದ್ದವರು ಅಲ್ಲಿದ್ದರು. ಅದೇ ಬಿಹಾರದ ರುದುಲ್ ಸಾಹ್ ಎಂಬುವರು 1968ರಲ್ಲಿ ಖುಲಾಸೆಯಾದರೂ ಜೈಲಿನಿಂದ ಹೊರಬಂದದ್ದು 1982ರಲ್ಲಿ. ಬುದ್ಧಿ ಸರಿ ಇರಲಿಲ್ಲ, ಅದಕ್ಕೆ ಬಿಡಲಿಲ್ಲ ಎಂಬುದು ಸರ್ಕಾರದ ಸಮಜಾಯಿಷಿಯಾಗಿತ್ತು. ಅದಕ್ಕೆ ತಕ್ಕ ದಾಖಲೆ ತೋರಿಸಲಾಗಲಿಲ್ಲ. 1983ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಒಟ್ಟು 35,000 ರೂಪಾಯಿ ಕೊಡಿಸಿತು. ಮೂಲಭೂತ ಹಕ್ಕು ಮುರಿದದ್ದಕ್ಕೆ ಪರಿಹಾರ ಕೊಡಿಸಿದ ದೊಡ್ಡ ತೀರ್ಪು ಎಂದು ಕಾನೂನು ವಿದ್ಯಾರ್ಥಿಗಳು ಅದನ್ನು ಇವತ್ತಿಗೂ ಓದುತ್ತಾರೆ.

ಈ ಎಲ್ಲ ಪ್ರಕರಣಗಳಲ್ಲೂ ಒಂದು ವಿಷಯ ಸಮಾನ. ಕ್ರೂರ ನ್ಯಾಯಾಧೀಶರೊಬ್ಬರು ಕುಳಿತು “ಇವನನ್ನು ಐವತ್ತು ವರ್ಷ ಇಡಿ” ಎಂದು ತೀರ್ಪು ಕೊಟ್ಟದ್ದಲ್ಲ. ಆಸ್ಪತ್ರೆ ಜೈಲಿನ ಕಡೆ ನೋಡಿತು, ಜೈಲು ಕೋರ್ಟಿನ ಕಡೆ ನೋಡಿತು, ಕೋರ್ಟಿನಲ್ಲಿ ಕಡತ ಮೇಲೇಳಲಿಲ್ಲ. ಹೊರಗಿನಿಂದ ಕೇಳುವವರು ಯಾರೂ ಇರಲಿಲ್ಲ. ಶಿಕ್ಷೆಯಾದವನಿಗಾದರೂ ಬಿಡುಗಡೆಯ ತಾರೀಖು ಇರುತ್ತದೆ. ವಿಚಾರಣೆಯೇ ನಡೆಯದವನಿಗೆ ಅದೂ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1972ರ ಜಾಕ್ಸನ್ ಪ್ರಕರಣದಲ್ಲಿ ಇದನ್ನೇ ತಡೆಯಿತು. ಎಲ್ಲ ಸೇರಿ ಒಂಬತ್ತು ಡಾಲರ್ ಬೆಲೆಯ ವಸ್ತು ಮತ್ತು ಹಣ ಕಿತ್ತುಕೊಂಡ ಆರೋಪ ಹೊತ್ತಿದ್ದ, ಕಿವಿ ಕೇಳದ, ಮಾತು ಬಾರದ, ಬೌದ್ಧಿಕ ವೈಕಲ್ಯವಿದ್ದ ಒಬ್ಬನನ್ನು “ಸಮರ್ಥನಾಗುವವರೆಗೆ” ಎಂದು ಕೊನೆಯಿಲ್ಲದೆ ಕೂಡಿಹಾಕುವಂತಿಲ್ಲ ಎಂದಿತು.

ಹಾನಿಗೆ ಒಳಗಾದವರಿಗೆ ಅನ್ಯಾಯವಾಗುವುದಿಲ್ಲವೇ?

ಈ ಪ್ರಶ್ನೆಯನ್ನು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಮಗನನ್ನು ಕಳೆದುಕೊಂಡ ತಾಯಿಗೆ, ಗಾಯಗೊಂಡು ದುಡಿಯಲಾಗದವರಿಗೆ ನ್ಯಾಯ ಬೇಕು. ಆದರೆ ತನ್ನ ಮಾತು ಹೇಳಲಾಗದವನಿಗೆ ಶಿಕ್ಷೆ ಕೊಟ್ಟರೆ ಸತ್ಯ ಹೊರಬಂದಿತೆಂದು ಹೇಗೆ ಹೇಳುವುದು? ಎಲ್ಲದಕ್ಕೂ “ಹೂಂ” ಎನ್ನುವವನ ಮೇಲೆ ಇನ್ನೊಬ್ಬರ ತಪ್ಪನ್ನು ಹೊರಿಸುವುದು ಬಹಳ ಸುಲಭ. ಆಗ ನಿಜವಾದ ತಪ್ಪಿತಸ್ಥ ಊರಿನಲ್ಲೇ ಓಡಾಡಿಕೊಂಡಿರುತ್ತಾನೆ. ಚಿಕಿತ್ಸೆ ಕೊಟ್ಟು ಬೇಗ ಗುಣಪಡಿಸಿ ವಿಚಾರಣೆ ಮುಂದುವರಿಸಿದರೆ ಎರಡೂ ಕಡೆಯವರಿಗೆ ಒಳ್ಳೆಯದು. ಕಡತ ಮೂವತ್ತು ವರ್ಷ ಮಲಗಿದರೆ ಹಾನಿಗೆ ಒಳಗಾದವರಿಗೂ ಏನೂ ಸಿಗುವುದಿಲ್ಲ.

ಬಿಡುಗಡೆಗೆ ಕಾನೂನಿನಲ್ಲಿರುವ ದಾರಿಗಳು

1. ಜಾಮೀನು. ವಿಚಾರಣೆ ಮುಂದೂಡಿದಾಗ, ಅಪರಾಧ ಜಾಮೀನು ಸಿಗುವಂಥದ್ದಾಗಿರಲಿ ಇಲ್ಲದಿರಲಿ, ಬಿಡುಗಡೆಗೆ 369ನೇ ಕಲಂ ದಾರಿ ಕೊಡುತ್ತದೆ. ಷರತ್ತು ಎರಡು: ಆತನಿಗೆ ಒಳರೋಗಿಯಾಗಿ ಚಿಕಿತ್ಸೆ ಅಗತ್ಯವಿರಬಾರದು, ಮತ್ತು ಒಬ್ಬ ಸಂಬಂಧಿಕರು ಅಥವಾ ಸ್ನೇಹಿತರು ಹತ್ತಿರದ ಆಸ್ಪತ್ರೆಯಲ್ಲಿ ತಪ್ಪದೆ ಚಿಕಿತ್ಸೆ ಕೊಡಿಸುತ್ತೇವೆ, ಆತ ತನಗಾಗಲಿ ಇತರರಿಗಾಗಲಿ ಹಾನಿ ಮಾಡದಂತೆ ನೋಡಿಕೊಳ್ಳುತ್ತೇವೆ ಎಂದು ಬರೆದುಕೊಡಬೇಕು. “ಸ್ನೇಹಿತರು” ಎಂಬ ಮಾತನ್ನು ಗಮನಿಸಿ. ರಕ್ತಸಂಬಂಧವೇ ಆಗಬೇಕೆಂದಿಲ್ಲ.

2. ಚಿಕಿತ್ಸೆಯ ಸ್ಥಳ. ಜಾಮೀನು ಸಾಧ್ಯವಾಗದಿದ್ದರೆ, ನಿಯಮಿತವಾಗಿ ಮನೋವೈದ್ಯಕೀಯ ಚಿಕಿತ್ಸೆ ಸಿಗುವ ಜಾಗದಲ್ಲಿ ಇಡಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 103ನೇ ಕಲಂ ಕೂಡ ಕಾಯಿಲೆಯ ಕೈದಿಯನ್ನು ಜೈಲಿನ ವೈದ್ಯಕೀಯ ವಿಭಾಗದ ಮನೋರೋಗ ವಾರ್ಡಿಗೆ, ಅದಿಲ್ಲದಿದ್ದರೆ ಮಾನಸಿಕ ಆರೋಗ್ಯ ಸಂಸ್ಥೆಗೆ ವರ್ಗಾಯಿಸಬೇಕೆಂದು ಹೇಳುತ್ತದೆ. ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ವರದಿ ಕಳಿಸಬೇಕು.

3. ಅವಧಿಯ ಮಿತಿ. ಆರೋಪಿತ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣಾಧೀನ ಕೈದಿಯಾಗಿ ಕಳೆದವರಿಗೆ ಜಾಮೀನಿನ ಮೇಲೆ ಬಿಡುಗಡೆಗೆ 479ನೇ ಕಲಂ ಅವಕಾಶ ಕೊಡುತ್ತದೆ. ಹಿಂದೆ ಎಂದೂ ಶಿಕ್ಷೆಯಾಗಿರದವರಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೆ ಇದು ಅನ್ವಯಿಸುವುದಿಲ್ಲ.

4. ಗುಣವಾದಾಗ. ಪ್ರತಿವಾದ ಮಾಡಿಕೊಳ್ಳಲು ಈಗ ಸಮರ್ಥ ಎಂಬ ಪ್ರಮಾಣಪತ್ರ ಬಂದರೆ ಕೋರ್ಟಿನ ಮುಂದೆ ಹಾಜರುಪಡಿಸಬೇಕು, ವಿಚಾರಣೆ ಮತ್ತೆ ಶುರುವಾಗಬೇಕು. ಲಾಲುಂಗ್ ಅವರಿಗೆ ತಪ್ಪಿದ್ದು ಈ ಹೆಜ್ಜೆಯೇ.

ಕೇಸೇ ಇಲ್ಲದೆ ಬೀದಿಯಲ್ಲಿ ಅಲೆಯುವ ಕಾಯಿಲೆಯವರನ್ನು ಜೈಲಿಗೆ ಹಾಕುವುದಂತೂ ಸಂಪೂರ್ಣ ಕಾನೂನುಬಾಹಿರ. ಶೀಲಾ ಬರ್ಸೆ ಪ್ರಕರಣದಲ್ಲಿ 1993ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿತು. 2017ರ ಕಾಯ್ದೆಯ 100ನೇ ಕಲಂ ಪ್ರಕಾರ ಪೊಲೀಸರು ಅಂಥವರನ್ನು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವ ಸಂದರ್ಭದಲ್ಲೂ ಲಾಕಪ್ಪಿನಲ್ಲಿಡಬಾರದು.

ಜೈಲಿನಲ್ಲಿ ಮಾನಸಿಕ ಕಾಯಿಲೆ ಅಪರೂಪ ಎಂದುಕೊಳ್ಳಬೇಡಿ. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಜ್ಞರು 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಕುಡಿತ, ತಂಬಾಕು ಮುಂತಾದ ಮಾದಕ ವ್ಯಸನವನ್ನು ಬಿಟ್ಟು ಲೆಕ್ಕ ಹಾಕಿದರೂ 1,389 ಜನರಲ್ಲಿ, ಅಂದರೆ ಶೇಕಡಾ 27.6ರಷ್ಟು ಜನರಲ್ಲಿ, ಮಾನಸಿಕ ತೊಂದರೆ ಕಂಡುಬಂತು. ಇವರೆಲ್ಲ ವಿಚಾರಣೆ ಎದುರಿಸಲಾರದವರು ಎಂದು ಇದರ ಅರ್ಥವಲ್ಲ. ಕೇಳಿ ನೋಡುವವರು ಬೇಕು ಎಂದು ಅರ್ಥ.

ನಾವು ಏನು ಮಾಡಬಹುದು?

ಮೊದಲ ದಿನವೇ ಹೇಳಿ. ಬಂಧನವಾದ ಕೂಡಲೇ ವೈದ್ಯಕೀಯ ಪರೀಕ್ಷೆ ಇರುತ್ತದೆ. ಆಗಲೇ ವೈದ್ಯರಿಗೆ ಕಾಯಿಲೆಯ ವಿಷಯ, ತೆಗೆದುಕೊಳ್ಳುವ ಮಾತ್ರೆಯ ಹೆಸರು ತಿಳಿಸಿ. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವಾಗ ವಕೀಲರ ಮೂಲಕ ಬರಹದಲ್ಲಿ ತಿಳಿಸಿ. ಮರ್ಯಾದೆಗೆ ಹೆದರಿ ಮುಚ್ಚಿಟ್ಟರೆ ಆಮೇಲೆ ನಂಬಿಸುವುದು ಕಷ್ಟ.

ಕಾಗದಗಳನ್ನು ಜೋಪಾನ ಮಾಡಿ. ಆಸ್ಪತ್ರೆಯ ಚೀಟಿ, ಮಾತ್ರೆ ಬರೆದ ಕಾಗದ, ಡಿಸ್ಚಾರ್ಜ್ ಕಾರ್ಡ್, ಅಂಗವಿಕಲರ ಗುರುತಿನ ಚೀಟಿ ಎಲ್ಲವೂ ಸಾಕ್ಷ್ಯ. ವಕೀಲರಿಗೆ ಜೆರಾಕ್ಸ್ ಕೊಡಿ, ಮೂಲಪ್ರತಿ ಮನೆಯಲ್ಲಿರಲಿ.

ಉಚಿತ ವಕೀಲರನ್ನು ಕೇಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಅಂಗವೈಕಲ್ಯ ಇರುವವರು, ಬಂಧನದಲ್ಲಿರುವವರು ಮುಂತಾದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಸಮಿತಿಗೆ ಅರ್ಜಿ ಕೊಡಿ. ಸಹಾಯವಾಣಿ 15100. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮಾನಸ್ 14416.

ನೋಡಿದ್ದನ್ನು ಬರೆದುಕೊಡಿ. ಕಾಯಿಲೆ ಯಾವಾಗ ಶುರುವಾಯಿತು, ನಿದ್ದೆ ಹೇಗಿತ್ತು, ಏನು ಮಾತಾಡುತ್ತಿದ್ದ, ಎಲ್ಲಿ ತೋರಿಸಿದರು, ಮಾತ್ರೆ ಯಾವಾಗ ನಿಂತಿತು ಎಂದು ಒಂದೆರಡು ಪುಟ ಸಾಕು. ಮನೋವೈದ್ಯರಿಗೆ ಇದು ಬಹಳ ಉಪಯೋಗ. ರೋಗದ ಹೆಸರು ನೀವು ಹಾಕಬೇಡಿ, ಕಂಡದ್ದನ್ನು ಮಾತ್ರ ಬರೆಯಿರಿ.

ಹೊಣೆ ಹೊರುವವರ ಜೊತೆ ನಿಲ್ಲಿ. ಮುಚ್ಚಳಿಕೆಗೆ ಸಹಿ ಹಾಕಲು ಮನೆಯವರು ಹೆದರುತ್ತಾರೆ. “ಮತ್ತೆ ಏನಾದರೂ ಮಾಡಿದರೆ ನಮ್ಮ ತಲೆಗೆ ಬರುತ್ತೆ ಅಲ್ವಾ, ಸಿಸ್ಟರ್” ಎನ್ನುತ್ತಾರೆ. ಅವರ ಹೆದರಿಕೆ ಸುಳ್ಳಲ್ಲ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಯಾರು ಜೊತೆಗೆ ಹೋಗುತ್ತಾರೆ, ಬಸ್ ಖರ್ಚು ಹೇಗೆ, ಮಾತ್ರೆ ಯಾರು ಕೊಡುತ್ತಾರೆ ಎಂದು ಸಂಘದ ನಾಲ್ಕು ಜನ ಪಾಳಿ ಹಂಚಿಕೊಂಡರೆ ಆ ಹೆದರಿಕೆ ಅರ್ಧ ಇಳಿಯುತ್ತದೆ.

ತಾರೀಖಿನ ಪುಸ್ತಕ ಇಡಿ. ಒಂದು ಸಣ್ಣ ನೋಟುಪುಸ್ತಕದಲ್ಲಿ ಕೇಸಿನ ಸಂಖ್ಯೆ, ಕೋರ್ಟಿನ ಹೆಸರು, ಮುಂದಿನ ವಾಯಿದೆ, ವೈದ್ಯರ ವರದಿ ಬರಬೇಕಾದ ದಿನ ಬರೆದಿಡಿ. ಕೇಸಿನ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇದ್ದರೆ ಇ-ಕೋರ್ಟ್ಸ್ ಸೇವೆಯಲ್ಲಿ ಮೊಬೈಲಿನಲ್ಲೇ ಮುಂದಿನ ತಾರೀಖು ನೋಡಬಹುದು. ಪ್ರತಿ ತಿಂಗಳು ವಕೀಲರನ್ನು ಒಂದೇ ಪ್ರಶ್ನೆ ಕೇಳಿ: “ವರದಿ ಬಂತಾ? ಮುಂದಿನ ದಿನಾಂಕ ಯಾವಾಗ?” ಈ ಸಣ್ಣ ಪುಸ್ತಕ ಲಾಲುಂಗ್ ಅವರ ಪರವಾಗಿ ಯಾರ ಕೈಯಲ್ಲಾದರೂ ಇದ್ದಿದ್ದರೆ 54 ವರ್ಷ ಹೋಗುತ್ತಿರಲಿಲ್ಲ.

ಗುಟ್ಟು ಕಾಪಾಡಿ. ಕಾಯಿಲೆಯ ವಿವರ ಗೋಪ್ಯವಾಗಿರುವುದು ಅವರ ಹಕ್ಕು. ಕೋರ್ಟಿಗೆ, ವಕೀಲರಿಗೆ, ವೈದ್ಯರಿಗೆ ಹೇಳಬೇಕಾದದ್ದು ಸಂಘದ ಸಭೆಯ ಹರಟೆಯಾಗಬಾರದು.

ಸಂಘದ ಸಭೆಯಲ್ಲಿ ಚರ್ಚೆಗೆ

1. “ಕೃತ್ಯ ನಡೆದ ದಿನದ ಮನಸ್ಸು”, “ಕೋರ್ಟಿನ ಮುಂದೆ ನಿಂತ ದಿನದ ಮನಸ್ಸು”: ಈ ಎರಡರ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ಪಕ್ಕದವರಿಗೆ ವಿವರಿಸಿ.

2. ವಿಚಾರಣೆ ನಿಲ್ಲಿಸುವುದು ಆರೋಪಿಗೆ ಯಾವಾಗ ಉಪಕಾರ, ಯಾವಾಗ ಅಪಾಯ?

3. ನಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿ ಎಲ್ಲಿದೆ? ಮನೋವೈದ್ಯರು ಯಾವ ಆಸ್ಪತ್ರೆಗೆ, ಯಾವ ದಿನ ಬರುತ್ತಾರೆ? ಮುಂದಿನ ಸಭೆಯೊಳಗೆ ಇಬ್ಬರು ಹೋಗಿ ತಿಳಿದುಕೊಂಡು ಬನ್ನಿ.

4. ನಮ್ಮ ಊರಿನಿಂದ ಜೈಲಿಗೆ ಹೋಗಿ, ಆಮೇಲೆ ಯಾರೂ ವಿಚಾರಿಸದೆ ಇರುವವರು ಇದ್ದಾರೆಯೇ? ಇದ್ದರೆ ಹೆಸರನ್ನು ಸಭೆಯಲ್ಲಿ ಹೇಳಬೇಡಿ. ಸಭೆ ಮುಗಿದ ಮೇಲೆ ನಿಮ್ಮ ಕ್ಷೇತ್ರ ಕಾರ್ಯಕರ್ತೆಗೆ ತಿಳಿಸಿ. ಅವರ ಕೇಸಿನ ತಾರೀಖು ಹುಡುಕುವ ಕೆಲಸವನ್ನು ಆ ವಾರವೇ ಶುರುಮಾಡೋಣ.